ಹೆಜ್ಜಾರ್ಲೆ ಮುಟ್ಟಿದ ಕೈ

ಮೂರು ದಿನದಿಂದ ಮಗಳ ಬಲಗೈ ಬೆರಳುಗಳನ್ನೇ ನೋಡುತ್ತಿದ್ದೇನೆ. ತೊಳೆಯುವ ಮೊದಲು ಅವು ಬಾಯಿಗೆ ಹೋಗಿದ್ದವೇ, ಇಲ್ಲವೇ? ಡಾಕ್ಟರು ಎರಡೆರಡು ಸಲ ನೋಡಿ ಏನೂ ಆಗಿಲ್ಲ ಎಂದರು. ನನ್ನ ಜೀವ ಕೇಳಬೇಕಲ್ಲ.

ಕೆರೆದಂಡೆಯ ಮ್ಯೂಸಿಯಂಗೆ ಹೋದದ್ದು ಗುರುವಾರ. ಕೆಳಗೆ ಕೆಸರಿನಿಂದ ಎತ್ತಿದ ಹಳೆಯ ದೋಣಿ, ಬಲೆಗೆ ಕಟ್ಟುತ್ತಿದ್ದ ತೂತಿನ ಕಲ್ಲುಗಳು. ಮಹಡಿಯಲ್ಲಿ ಹುಲ್ಲು ತುಂಬಿ ನಿಲ್ಲಿಸಿದ ಹಕ್ಕಿಗಳು. ಒಂದು ಪೆಟ್ಟಿಗೆಯ ಗಾಜು ತೆಗೆದಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಚೀಲದಂಥ ಕೊಕ್ಕಿನ ಹೆಜ್ಜಾರ್ಲೆಯ ಧೂಳನ್ನು ಬ್ರಷ್ಷಿನಿಂದ ಸರಿಸುತ್ತಿದ್ದಳು. ಅಲ್ಲಿನವರೆಲ್ಲ ಅವಳನ್ನು ಕರೆಯುವುದು ಹಕ್ಕಿಯಕ್ಕ ಎಂದು.

ನಾನು ಫೋಟೊ ತೆಗೆಯುವಷ್ಟರಲ್ಲಿ ಮಗಳು ಹೆಜ್ಜಾರ್ಲೆಯ ಎದೆಗೆ ಕೈ ಹಾಕಿದ್ದಳು. ಹಕ್ಕಿಯಕ್ಕ ಅವಳ ಮಣಿಕಟ್ಟು ಹಿಡಿದು ದರದರ ಎಳೆದೊಯ್ದು ನಲ್ಲಿಯ ಕೆಳಗೆ ನಿಲ್ಲಿಸಿದಳು.

"ಬಿಡ್ರೀ ನನ್ನ ಮಗೂನ."

"ಫೋಟೊ ಮುಗೀತಾ ತಾಯಿ? ಮುಗಿದಿದ್ರೆ ಆ ಸೋಪು ಕೊಡಿ ಈ ಕಡೆ."

"ಮುಟ್ಟಿದ್ದಕ್ಕೆ ಹೀಗಾ? ಹಕ್ಕಿ ಏನು ನಿಮ್ಮಪ್ಪಂದಾ?"

"ನಮ್ಮಪ್ಪಂದಾಗಿದ್ರೆ ಯಾವತ್ತೋ ಸುಟ್ಟುಹಾಕ್ತಿದ್ದೆ."

ಮಗಳ ಮಣಿಕಟ್ಟು ಕೆಂಪಗಾಗಿತ್ತು. ನೇರ ಕಚೇರಿಗೆ ಹೋಗಿ, ಮಗುವಿನ ಮೇಲೆ ಕೈ ಮಾಡಿದ್ದಾಳೆ ಎಂದು ದೂರು ಬರೆದುಕೊಟ್ಟೆ. ಸಾಹೇಬರು ಓದಿ, "ಸೋಮವಾರದಿಂದ ಅವಳು ಬರಲ್ಲ ಬಿಡಿ ಮೇಡಂ" ಎಂದರು. ಹೊಟ್ಟೆ ತಣ್ಣಗಾಯಿತು.

ಗೇಟಿನ ಹೊರಗೆ ಅವಳು ನಿಂತೇ ಊಟ ಮಾಡುತ್ತಿದ್ದಳು. ಇಪ್ಪತ್ತಾರು ವರ್ಷದಿಂದ ಆ ಕಟ್ಟಡದೊಳಗೆ ಒಂದು ಗುಟುಕು ನೀರೂ ಕುಡಿದಿಲ್ಲವಂತೆ. ಗುಡಿಸಲೆಂದು ಸೇರಿದವಳಿಗೆ, ಯಾರೂ ಒಪ್ಪದ ಹಕ್ಕಿಗಳ ಕೆಲಸ ಗಂಟುಬಿದ್ದಿತ್ತು.

"ಮಗು ಬೆರಳು ಬಾಯಿಗೆ ಹಾಕ್ತಾ? ಅಷ್ಟು ಹೇಳಿ ಹೋಗಿ."

"ಯಾಕೆ?"

"ಹುಳ ಹಿಡೀಬಾರದು ಅಂತ ಹಳೇ ಕಾಲದೋರು ಹಕ್ಕಿಗೆಲ್ಲ ಪಾಷಾಣ ಸವರಿದ್ದಾರೆ. ನನ್ನ ಕೈ ನೋಡಿ."

ಅಂಗೈ ಚರ್ಮ ಗಟ್ಟಿಯಾಗಿ, ಅಲ್ಲಲ್ಲಿ ಸುಲಿದು, ನೋಡಲಾಗುತ್ತಿರಲಿಲ್ಲ.

"ಆಗಲೇ ಹೇಳೋಕೆ ಬಾಯಿರಲಿಲ್ವಾ?"

"ಜನರೆದುರು ವಿಷ ಅನ್ನಬಾರದು ಅಂತ ಸಾಹೇಬರ ಅಪ್ಪಣೆ. ಟಿಕೆಟ್ ತಗೊಂಡೋರು ಓಡಿಹೋಗ್ತಾರಂತೆ."

ನೌಕರಿ ಉಳಿಸಿಕೊಳ್ಳಲು ಕಟ್ಟಿದ ಕಥೆ ಎಂದುಕೊಂಡು ಆಟೊ ಹತ್ತಿದೆ. ಆದರೂ ಮನಸ್ಸು ತಡೆಯದೆ ಸಂಜೆ ಮಗಳನ್ನು ಡಾಕ್ಟರಿಗೆ ತೋರಿಸಿದೆ. ಅವರು, "ತಕ್ಷಣ ಸೋಪು ಹಾಕಿ ತೊಳೆದದ್ದೇ ಒಳ್ಳೇದಾಯ್ತು. ತೊಳೆದಿದ್ದು ನೀವೇನಾ?" ಎಂದಾಗ ಚೀಟಿ ಮಡಚಿಕೊಂಡೆ.

ಅವಳ ಮೇಲಿನ ಸಿಟ್ಟು ಇಳಿದಿಲ್ಲ. ಸ್ವಲ್ಪ ಮೆಲ್ಲಗೆ ಹಿಡಿಯಬಹುದಿತ್ತು, ಮಾತಿಗಾದರೂ ಒಂದು ಮಿತಿ ಬೇಡವೇ? ಆದರೆ ನಾಳೆ ಸೋಮವಾರ. ಟಿಕೆಟ್ಟಿನ ಹಿಂದಿದ್ದ ನಂಬರಿಗೆ ಫೋನ್ ಹಚ್ಚಿದೆ. ಸಾಹೇಬರೇ ಎತ್ತಿದರು.

"ದೂರು ವಾಪಸ್ ತಗೋಬೇಕು ಸಾರ್."

"ಮೇಲಕ್ಕೆ ಕಳಿಸಿ ಆಯ್ತಲ್ಲ ಮೇಡಂ. ಸುಮ್ನೆ ಬಿಡಿ."

"ಹಾಗಾದ್ರೆ ಇನ್ನೊಂದು ಬರ್ಕೊಳ್ಳಿ. ಇದು ಅವಳ ಮೇಲಲ್ಲ, ನಿಮ್ಮ ಮೇಲೆ. ಆ ಹಕ್ಕಿಗಳಿಗೆ ಏನು ಸವರಿದೆ ಅಂತ ನೀವೇ ಹೇಳ್ತೀರೋ, ನಾನೇ ಹೇಳ್ಲೋ?"