ಮಂಡಿಗೆ ನಾಲ್ಕಂಗುಲ ಜಾಗ

ಎತ್ತರದ ಮನುಷ್ಯ ಚಿಕ್ಕಂದಿನಲ್ಲೇ ತಲೆ ಬಗ್ಗಿಸುವುದನ್ನು ಕಲಿತುಬಿಡುತ್ತಾನೆ. ಬಾಗಿಲು, ಬಸ್ಸು, ಬಚ್ಚಲುಮನೆ ಎಲ್ಲವೂ ಅವನಿಗೆ ಹಣೆಯ ಮೇಲೆ ಪಾಠ ಹೇಳಿರುತ್ತವೆ. ಜನ ಅದನ್ನು ವಿನಯ ಎಂದು ತಿಳಿಯುತ್ತಾರೆ. ಆರಡಿ ಮೂರಂಗುಲದ ನಾನು ಈ ತಪ್ಪು ತಿಳಿವಳಿಕೆಯಿಂದ ಸಾಕಷ್ಟು ಅನುಕೂಲ ಮಾಡಿಕೊಂಡವನೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಿಂಗಟಗೆರೆ ಕಡೆ ತೆಂಗಿನಕಾಯಿ ವ್ಯಾಪಾರಕ್ಕೆ ಹೋದಾಗ ಜಗಲಿಯ ಸೂರಿಗೆ ತಲೆ ತಗುಲದಂತೆ ಬಗ್ಗಿ ನಿಂತು ದರ ಕೇಳುತ್ತಿದ್ದೆ. ಇಷ್ಟು ಮರ್ಯಾದಸ್ಥನ ಹತ್ತಿರ ಎಳೆದಾಡುವುದೇಕೆಂದು ತೋಟದವರೂ ಸ್ವಲ್ಪ ಇಳಿಸಿಯೇ ಹೇಳುತ್ತಿದ್ದರು.

ಆದರೆ ಮೋಟಾರ್ ಸೈಕಲ್ಲಿನ ಮುಂದೆ ಈ ವಿನಯ ನಡೆಯುವುದಿಲ್ಲ. ಅದಕ್ಕೆ ಬೇಕಾದದ್ದು ತಲೆ ಬಗ್ಗಿಸುವವನಲ್ಲ, ಮಂಡಿ ಮಡಿಸುವವನು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು ಕಡೂರಿನಲ್ಲಿ ಪುಟ್ಟದೊಂದು ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡೆ. ಕಾರಣ ನನ್ನ ಹೆಂಡತಿ ಗಿರಿಜೆ. ಅವಳು ಸ್ಕೂಲ್ ಮೇಡಂ; ಚೌಳಹಿರಿಯೂರಿನ ಶಾಲೆಗೆ ವರ್ಗವಾಗಿತ್ತು. ಬೆಳಗಿನ ಬಸ್ಸು ಅಲ್ಲಿಗೆ ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಹಾಜರಿ ಕೂಗುತ್ತಿರುತ್ತಿದ್ದರು. ಹೆಡ್‌ಮಾಸ್ಟರು ಎರಡು ಸಲ ಮೆತ್ತಗೆ ಹೇಳಿದ್ದರು. ಮೂರನೆಯ ಸಲ ಹೇಳಿಸಿಕೊಳ್ಳುವ ಪೈಕಿಯವಳಲ್ಲ ಗಿರಿಜೆ.

"ಇದೊಂದು ತಿಂಗ್ಳು ನೋಡ್ತೀನಿ ಕಣ್ರೀ," ಎಂದಳು. "ಆಮೇಲೆ ಅಲ್ಲೇ ಒಂದು ರೂಮು ಮಾಡ್ಕೊಂಡು, ಶನಿವಾರ ಶನಿವಾರ ಬತ್ತೀನಿ."

ಮದುವೆಯಾಗಿ ಎರಡು ವರ್ಷವಾಗಿತ್ತು. ವಾರಕ್ಕೊಮ್ಮೆ ಬರುವ ಹೆಂಡತಿಗಾಗಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಾಯುವುದು ನನಗೆ ಬೇಕಿರಲಿಲ್ಲ.

ಗಾಡಿ ಮಾರಿದವನು ಐದಡಿಯ ಆಸಾಮಿ; ಅವನು ಕೂತಾಗ ಅದು ಕುದುರೆಯ ಹಾಗೆ ಕಾಣುತ್ತಿತ್ತು. ನಾನು ಕೂತೊಡನೆ ಕುರಿಮರಿಯಾಯಿತು. ಹ್ಯಾಂಡಲ್ ತಿರುಗಿಸಿದರೆ ಮಂಡಿಗೆ ಬಡಿಯುತ್ತಿತ್ತು. ಮಂಡಿ ಅಗಲಿಸಿದರೆ ಎದುರಿಗೆ ಬರುವ ಸೈಕಲ್ಲಿನವರು ರಸ್ತೆ ಬಿಟ್ಟು ಇಳಿಯುತ್ತಿದ್ದರು. ಹೋಟೆಲಿನ ಕಟ್ಟೆಯ ಮೇಲೆ ಕೂತಿದ್ದ ಪಕ್ಕದ ಮನೆಯ ರುದ್ರಪ್ಪ ಕೇಳಿಯೇಬಿಟ್ಟ: "ಏನಪ್ಪಾ, ಗಾಡಿ ನಿನ್ನ ಹೊತ್ಕೊಂಡ್ ಹೋಗ್ತೈತೋ, ನೀನೇ ಅದನ್ನ ಕಾಲ ಸಂದೀಲಿಟ್ಕೊಂಡು ನಡ್ಕೊಂಡ್ ಹೋಗ್ತಿದ್ದೀಯೋ?"

ಆ ದಿನಗಳಲ್ಲಿ ನಾನು ಗಣಪತಿಯ ಬಗ್ಗೆ ಬಹಳ ಯೋಚಿಸುತ್ತಿದ್ದೆ. ಅಷ್ಟು ದೊಡ್ಡ ದೇಹ, ಅಷ್ಟು ಚಿಕ್ಕ ವಾಹನ. ಆ ಮಂಡಿಗಳ ಗತಿಯೇನು? ನಮ್ಮ ಕಡೆಯ ಹಳೆಯ ಗುಡಿಗಳಲ್ಲಿ ನೋಡಿ: ಶಿಲ್ಪಿ ಗಣಪತಿಯನ್ನು ಪೀಠದ ಮೇಲೆ ಆರಾಮಾಗಿ ಕೂರಿಸಿ, ಇಲಿಯನ್ನು ಕೆಳಗೆ ಒಂದು ಮೂಲೆಯಲ್ಲಿ ನಿಲ್ಲಿಸಿರುತ್ತಾನೆ. ಸವಾರಿ ಮಾಡುತ್ತಿರುವ ಗಣಪತಿ ಕಾಣುವುದು ಅಪರೂಪ. ಶಿಲ್ಪಿಗಳಿಗೂ ಈ ಲೆಕ್ಕ ಬಗೆಹರಿದಿರಲಿಕ್ಕಿಲ್ಲ.

ನಾನು ಬಗೆಹರಿಸಲು ಹೊರಟೆ. ಇಲ್ಲಿ ನನ್ನ ವ್ಯಾಪಾರದ ಬುದ್ಧಿ ಅಡ್ಡ ಬಂತು. ಗಾಡಿ ಸಮೇತ ಹೋದರೆ ಗಾಡಿ ಇಟ್ಟವನೆಂದು ಕೂಲಿ ಏರಿಸುತ್ತಾರೆ. ಬಿಡಿ ಸಾಮಾನು ಚೀಲದಲ್ಲಿ ತೆಗೆದುಕೊಂಡು ಹೋದರೆ ಬಡವನೆಂದು ಇಳಿಸುತ್ತಾರೆ. ಇದು ನನ್ನ ನಂಬಿಕೆ. ಆದ್ದರಿಂದ ಹ್ಯಾಂಡಲ್ ಬಿಚ್ಚಿ ಕಡೂರಿನ ವೆಲ್ಡಿಂಗ್ ಅಂಗಡಿಗೆ ಕೊಟ್ಟೆ. ಫುಟ್‌ರೆಸ್ಟಿನ ಕಂಬಿಯನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತರೀಕೆರೆಯ ಒಬ್ಬ ಕಮ್ಮಾರನ ಹತ್ತಿರ ಒಯ್ದೆ. ಸೀಟನ್ನು ಕಂಕುಳಲ್ಲಿಟ್ಟುಕೊಂಡು ಅಜ್ಜಂಪುರಕ್ಕೆ ಹೋದೆ. ಅಲ್ಲಿ ಜೀಪಿನ ಸೀಟು, ಕಮಾನು ಗಾಡಿಯ ಮೆತ್ತೆ ಹೊಲಿಯುವ ಖಾದರ್ ಸಾಬರಿದ್ದರು. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳಲಿಲ್ಲ. ಹೇಳಿದರೆ ಬೇರೆಯವನು ಎಷ್ಟು ತಗೊಂಡ ಎಂಬ ಮಾತು ಬರುತ್ತದೆ. ಮೂವರಿಗೂ ಹೇಳಿದ್ದು ಒಂದೇ: "ಮಂಡಿಗೆ ನಾಲ್ಕಂಗುಲ ಜಾಗ ಬೇಕು."

ಮೂವರೂ ಪ್ರಾಮಾಣಿಕರು. ಒಬ್ಬ ಹ್ಯಾಂಡಲನ್ನು ನಾಲ್ಕಂಗುಲ ಎತ್ತಿದ. ಇನ್ನೊಬ್ಬ ಫುಟ್‌ರೆಸ್ಟನ್ನು ನಾಲ್ಕಂಗುಲ ಮುಂದಕ್ಕೆ ತಂದ. ಸಾಬರು ತೆಂಗಿನ ನಾರು ತುಂಬಿ ಸೀಟನ್ನು ನಾಲ್ಕಂಗುಲ ಏರಿಸಿದರು. ಎಲ್ಲವನ್ನೂ ಜೋಡಿಸಿ ಕೂತಾಗ ನಾನು ಅಟ್ಟದ ಮೇಲೆ ಕೂತು ಕಿಟಕಿಯ ಸರಳು ಹಿಡಿದವನ ಹಾಗಿದ್ದೆ. ಮಂಡಿಗೇನೋ ಬೇಕಾದಷ್ಟು ಜಾಗವಿತ್ತು. ಅದೊಂದನ್ನೇ ನೋಡಿಕೊಂಡು ಮರುದಿನ ಬೆಳಿಗ್ಗೆ ಗಿರಿಜೆಯನ್ನು ಹತ್ತಿಸಿಕೊಂಡು ಹೊರಟೆ.

ಊರು ದಾಟಿ ಸ್ವಲ್ಪ ದೂರಕ್ಕೇ ಕುರಿಮಂದೆ ಅಡ್ಡ ಬಂತು. ಬಲಗಾಲು ಬ್ರೇಕನ್ನು ಹುಡುಕಿತು. ಕಾಲು ನಾಲ್ಕಂಗುಲ ಮುಂದೆ ಹೋಗಿತ್ತು. ಬ್ರೇಕು ತನ್ನ ಹಳೆಯ ಜಾಗದಲ್ಲೇ, ಹಿಮ್ಮಡಿಯ ಹಿಂದೆಲ್ಲೋ ಉಳಿದುಕೊಂಡಿತ್ತು. ಕೈ ಬ್ರೇಕು ಕೊಂಡಾಗಿನಿಂದಲೂ ನೆಪಕ್ಕೆ ಮಾತ್ರ. ನಾವು ಕುರಿಗಳನ್ನು ತಪ್ಪಿಸಿ ನಿಧಾನವಾಗಿ ರಾಗಿ ಹೊಲಕ್ಕೆ ಇಳಿದೆವು. ಯಾರಿಗೂ ಪೆಟ್ಟಾಗಲಿಲ್ಲ. ಗಿರಿಜೆಯ ಡಬ್ಬಿಯ ಚಿತ್ರಾನ್ನ ಮಾತ್ರ ಕುರಿಗಳ ಪಾಲಾಯಿತು.

ಅವಳು ಸೀರೆ ಕೊಡವಿಕೊಂಡು ಎದ್ದಳು. "ರೂಮು ನೋಡಿದ್ದೀನಿ. ಒಂದನೇ ತಾರೀಕಿಂದ ಹೋಗ್ತೀನಿ," ಎಂದಳು. ಬೈದಿದ್ದರೆ ಸಮಾಧಾನ ಮಾಡಬಹುದಿತ್ತು. ಅಷ್ಟು ಶಾಂತವಾಗಿ ಹೇಳಿದ ಮಾತಿನ ಜೊತೆ ಚೌಕಾಸಿ ಮಾಡುವುದು ಹೇಗೆ?

ಒಂದನೇ ತಾರೀಕಿಗೆ ಒಂಬತ್ತು ದಿನವಿತ್ತು. ಈ ಸಲ ಗಾಡಿಯನ್ನೇ ಓಡಿಸಿಕೊಂಡು, ದಾರಿಯುದ್ದಕ್ಕೂ ಹಿಮ್ಮಡಿಯಿಂದ ಬ್ರೇಕು ತಡಕುತ್ತ, ಅಜ್ಜಂಪುರಕ್ಕೆ ಹೋದೆ. ಖಾದರ್ ಸಾಬರು ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟು ಎದ್ದು ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಹ್ಯಾಂಡಲ್ ಎತ್ತಿದ್ಯಾರು?"

ಹೇಳಿದೆ.

"ಕಾಲಿನ ಕಂಬಿ?"

ಅದನ್ನೂ ಹೇಳಿದೆ.

"ಒಂದು ಕಾಯಿಲೆಗೆ ಮೂರು ಜನ ಡಾಕ್ಟ್ರ ಹತ್ರ ಪೂರಾ ಪೂರಾ ಔಷಧಿ ತಗೊಂಡಿದ್ದೀರಲ್ಲ ಸ್ವಾಮಿ," ಎಂದರು. "ಹೋಗ್ಲಿ, ಹಿಂದೆ ಯಾರು ಕೂರ್ತಾರೆ?"

"ನಮ್ಮನೆಯವ್ರು."

"ಅವ್ರ ಅಳತೆ?"

ಗಿರಿಜೆಗೂ ಒಂದು ಅಳತೆ ಇರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

"ನಮ್ಮೂರಲ್ಲಿ ಒಂಟಿ ಎತ್ತು ನೋಡಿ ಯಾರೂ ನೊಗ ಮಾಡಲ್ಲ. ಜೋಡಿ ನಿಲ್ಲಿಸಿ ನೋಡ್ತಾರೆ. ಭಾನುವಾರ ನಿಮ್ಮನೆಯವ್ರನ್ನ ಕರ್ಕೊಂಡ್ ಬನ್ನಿ."

ಅವಳು ಬಂದಳು, ಆದರೆ ಬಸ್ಸಿನಲ್ಲಿ; ನಾನು ಗಾಡಿಯಲ್ಲಿ. ಸಾಬರು ನಡುಬೀದಿಯಲ್ಲಿ ಸ್ಟ್ಯಾಂಡ್ ಹಾಕಿ ಇಬ್ಬರನ್ನೂ ಕೂರಿಸಿದರು. ಸಂತೆಗೆ ಬಂದವರ ಹಾಗೆ ಜನ ಸೇರಿದರು. ಸಾಬರು ಸೀಮೆಸುಣ್ಣ ಹಿಡಿದು ಗಿರಿಜೆಯನ್ನೇ ಕೇಳಿದರು: "ನಿಮಗೇನು ಬೇಕಮ್ಮ?"

"ಕಾಲಿಡೋಕೊಂದು ಹಲಗೆ. ಹಿಡ್ಕೊಳ್ಳೋಕೊಂದು ಕಂಬಿ. ಹತ್ತೋಕೆ ಏಣಿ ಬೇಡದಿರೋ ಸೀಟು," ಎಂದಳು ಗಿರಿಜೆ. "ಇವ್ರು ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಸೀಟು ಎರಡಂಗುಲ ಇಳಿಯಿತು, ಹಿಂದಕ್ಕೆ ಎರಡಂಗುಲ ಬೆಳೆಯಿತು. ಫುಟ್‌ರೆಸ್ಟು ತನ್ನ ಹಳೆಯ ಜಾಗಕ್ಕೆ ಬಂತು. ಸಾಬರು ಎದುರಿಗೆ ನಿಂತು ಪಕ್ಕದ ವೆಲ್ಡಿಂಗಿನವನಿಂದ ಹ್ಯಾಂಡಲನ್ನು ಅರ್ಧ ಇಳಿಸಿಸಿದರು. ಸಂಜೆಯೊಳಗೆ ಹಲಗೆ, ಕಂಬಿ ಎರಡೂ ಬಂದವು. ಎತ್ತರದ ಮಿತ್ರರಿಗೆ ನನ್ನ ಸಲಹೆ ಇಷ್ಟೇ: ಗಾಡಿಯನ್ನು ಬಿಚ್ಚದೆ, ಇಡಿಯಾಗಿ, ಒಬ್ಬನಿಗೇ ತೋರಿಸಿ, ಹಿಂದೆ ಕೂರುವವರನ್ನು ಮೊದಲು ಕೂರಿಸಿ. ಮಂಡಿಗೆ ಸಿಕ್ಕ ಜಾಗ ಕೊನೆಗೆ ಎರಡೇ ಅಂಗುಲ. ಸಾಕಾಯಿತು.

ಸೋಮವಾರ ಬೆಳಿಗ್ಗೆ ಗಿರಿಜೆ ಹೊಸ ಹಲಗೆಯ ಮೇಲೆ ಕಾಲಿಟ್ಟು ಹತ್ತಿ ಕೂತಳು. ಬಯಲಿಗೆ ಬಿದ್ದೊಡನೆ ಚಳಿಗಾಳಿ, ಮುಂದೆ ಹೋದ ಲಾರಿಯ ಧೂಳು, ಎಲ್ಲವೂ ನನ್ನ ಎದೆಗೆ ಬಂದವು. ಶಾಲೆ ಮುಟ್ಟಿದಾಗ ಇನ್ನೂ ಗಂಟೆ ಹೊಡೆದಿರಲಿಲ್ಲ. ನಾನು ಕೆಮ್ಮಣ್ಣಿನ ಗೊಂಬೆಯಾಗಿದ್ದೆ. ಗಿರಿಜೆ ಇಳಿದು ಜಡೆ ಮುಟ್ಟಿ ನೋಡಿಕೊಂಡಳು. ಮುಡಿದ ಹೂವು ಹಾಗೇ ಇತ್ತು.

"ಒಂದು ಕೂದ್ಲೂ ಕೆದರಿಲ್ಲ ಕಣ್ರೀ. ಗೋಡೆ ಮರೇಲಿ ಕೂತಂಗಿತ್ತು," ಎಂದಳು. ಗೇಟಿನವರೆಗೆ ಹೋಗಿ ತಿರುಗಿ ಸೇರಿಸಿದಳು: "ನೀವು ಇನ್ನೊಂದೆರಡಂಗುಲ ಎತ್ತರ ಇದ್ದಿದ್ರೂ ಆಗ್ತಿತ್ತು. ಸಂಜೆ ನಾಲ್ಕೂವರೆಗೆ ಬನ್ನಿ."

ಬಾಗಿಲಿಗೆ, ಬಸ್ಸಿಗೆ, ಮಂಚಕ್ಕೆ, ಎಲ್ಲಕ್ಕೂ ಹೆಚ್ಚಾಗಿಯೇ ಬೆಳೆದ ದೇಹ ನನ್ನದು. ಅದಕ್ಕೆ ಮೊದಲ ಸಲ ಒಬ್ಬರು ಇದ್ದದ್ದಕ್ಕಿಂತ ಮೇಲಿನ ದರ ಕೂಗಿದ್ದರು. ಆವತ್ತು ಮಾತ್ರ ನಾನು ಚೌಕಾಸಿ ಮಾಡಲಿಲ್ಲ.