ನಾವು ಬರೆಯದ ಪರೀಕ್ಷೆ

ದೇವರ ಮುಂದೆ ಹೂವಿನ ಪ್ರಸಾದ ಕೇಳದೆ ಯಾವ ಕೆಲಸಕ್ಕೂ ಕೈಹಾಕದ ನಮ್ಮಮ್ಮನನ್ನು ನಾನು ಬಹಳ ವರ್ಷ ಗೇಲಿ ಮಾಡಿದ್ದೇನೆ. ಶಕುನಗಿಕುನ ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಆ ಸಂಜೆ ನಡೆದದ್ದನ್ನು ಮುಚ್ಚಿಡಲೂ ಮನಸ್ಸಾಗುವುದಿಲ್ಲ.

ಎರಡು ಸಾವಿರದ ಒಂಬತ್ತರ ಸುಮಾರು. ಚಿತ್ರದುರ್ಗದಲ್ಲಿ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ನಾನೂ ಗೆಳೆಯ ತಿಪ್ಪೇಶನೂ ಪ್ರೋಗ್ರಾಂ ಬರೆಯುತ್ತಿದ್ದೆವು. ಹಿರಿಯೂರಿನ ಒಂದು ನರ್ಸಿಂಗ್ ಹೋಮಿಗೆ, ಮಗುವಿನ ತೂಕ ಕೊಟ್ಟರೆ ಔಷಧದ ಪ್ರಮಾಣ ಹೇಳುವ ಪ್ರೋಗ್ರಾಂ ಅದು. ಮರುದಿನ ಒಪ್ಪಿಸಬೇಕಿತ್ತು. ಅದಕ್ಕೂ ಮುಂಚೆ, ತಿಂಗಳುಗಟ್ಟಲೆ ಪ್ರೋಗ್ರಾಮಿಗೆ ಮಾಡಿದ್ದ, ಕಂಪ್ಯೂಟರಿನಲ್ಲಿ ಒಂದೊಂದಾಗಿ ದಾಖಲಾಗಿದ್ದ ಬದಲಾವಣೆಗಳ ಚರಿತ್ರೆಯನ್ನು ಚೊಕ್ಕ ಮಾಡಲು ಕುಳಿತೆ. ಹಳೆಯ ಹೆಜ್ಜೆಗಳನ್ನು ತಿದ್ದಿ, ಒಂದೊಂದಾಗಿ ಮತ್ತೆ ಜೋಡಿಸುವ ಕೆಲಸ. ಲೆಕ್ಕ ಸರಿಬರುತ್ತದೆಯೇ ಎಂದು ನೋಡಲು ನಾವೇ ಬರೆದಿಟ್ಟಿದ್ದ ಪರೀಕ್ಷೆಗಳು ಹೆಜ್ಜೆ ಹೆಜ್ಜೆಗೂ ತಾವೇ ಓಡುವಂತೆ, ಒಂದು ತಪ್ಪಿದರೂ ಅಲ್ಲೇ ನಿಲ್ಲುವಂತೆ ಮಾಡಿದ್ದೆ. ಅಮ್ಮ ಹೂ ಕೇಳಿದ ಹಾಗೆಯೇ ಅನ್ನಿ.

ಕರೆಂಟ್ ಹೋಗಿ ಯುಪಿಎಸ್ ಕಿರುಗುಟ್ಟುತ್ತಿತ್ತು. ನಡುವಿನ ಒಂದು ಹೆಜ್ಜೆಯಲ್ಲಿ ಓಟ ನಿಂತಿತು. ಒಂದೂವರೆ ಕೆಜಿ ಮಗುವಿನ ಪರೀಕ್ಷೆ ತಪ್ಪಿದೆ ಎಂದು ಪರದೆಯ ಮೇಲೆ ಬಂದಿತ್ತು.

"ಲೇ, ಇದನ್ನ ಯಾವಾಗ ಬರ್ದೆ?" ಎಂದೆ.

"ನಾನಲ್ಲಪ್ಪ! ಎರಡು ಕೆಜಿ ಕೆಳಗಿನ ಕೂಸಿಗೆ ನಾವು ಪರೀಕ್ಷೇನೇ ಇಟ್ಟಿಲ್ಲ" ಎಂದ ತಿಪ್ಪೇಶ.

ಆ ಹೆಜ್ಜೆಯನ್ನು ತೆರೆದು ನೋಡಿದರೆ, ಅಷ್ಟು ಸಣ್ಣ ಕೂಸುಗಳಿಗೆ ಪ್ರಮಾಣ ಹತ್ತು ಪಟ್ಟು ಬರುತ್ತಿತ್ತು. ತಪ್ಪು ಅಲ್ಲೇ ಹುಟ್ಟಿ ಕೊನೆಯವರೆಗೂ ಉಳಿದುಬಂದಿತ್ತು. ಅದನ್ನು ತಿದ್ದಿ ಮುಂದುವರಿಸಿದೆ; ಉಳಿದದ್ದೆಲ್ಲ ಸರಾಗವಾಗಿ ಓಡಿತು. ಆಮೇಲೆ ಇಬ್ಬರೂ ಆ ಪರೀಕ್ಷೆಗಾಗಿ ಹುಡುಕಿದೆವು. ಹಳೆಯ ಚರಿತ್ರೆಯಲ್ಲಿಲ್ಲ, ಹೊಸದರಲ್ಲಿಲ್ಲ, ನಮ್ಮಿಬ್ಬರ ಕಂಪ್ಯೂಟರುಗಳಲ್ಲಿ ಎಲ್ಲಿಯೂ ಇಲ್ಲ.

ಮರುದಿನ ಹೋಗಿ ಪ್ರೋಗ್ರಾಂ ಹಾಕಿ ಬಂದೆವು. ಆ ವಾರವೇ ಅಮ್ಮನ ಫೋನ್ ಬಂತು. ಹಿರಿಯೂರಿಗೆ ಕೊಟ್ಟಿದ್ದ ನನ್ನ ತಂಗಿಗೆ, ತವರಿಗೆ ಕರೆತರುವ ಮೊದಲೇ, ದಿನ ತುಂಬದೆ ಅದೇ ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಗಿತ್ತು.

"ಹೆಣ್ಣು ಕೂಸಪ್ಪ. ಒಂದೂವರೆ ಕೆಜಿ ಐತಂತೆ. ಔಷಧಿ ಸುರು ಮಾಡ್ಯಾರೆ. ಉಳಿತೈತೇನೋ?"

ಕೂಸು ಉಳಿಯಿತು. ಈಗ ನನ್ನನ್ನೇ ಗದರಿಸುವಷ್ಟು ದೊಡ್ಡವಳಾಗಿದ್ದಾಳೆ. ತಿಪ್ಪೇಶನನ್ನು ಕೇಳಿದರೆ, "ಬಿಡಲೇ, ಯಾವ್ದೋ ಹಳೇ ಫೈಲ್ ಇರ್ಬೇಕು" ಎನ್ನುತ್ತಾನೆ, ನನ್ನ ಮುಖ ಮಾತ್ರ ನೋಡುವುದಿಲ್ಲ. ನಾನು ಇಂದಿಗೂ ಹೆಜ್ಜೆ ಹೆಜ್ಜೆಗೂ ಪರೀಕ್ಷೆ ಓಡಿಸುತ್ತೇನೆ. ಎಲ್ಲವೂ ಸರಿಯೆಂದು ಮುಗಿದಾಗ ಸಮಾಧಾನವಾಗುವುದಿಲ್ಲ. ಅಂದು ನಿಲ್ಲಿಸಿದ್ದು ಯಾರೋ, ಏನೋ. ಅದು ಇವತ್ತೂ ನೋಡುತ್ತಿದೆಯೋ ಇಲ್ಲವೋ ಎಂಬ ಭಯ.