ಗ್ರಂಥಾಲಯದ ಪ್ರಿಂಟರಿನಲ್ಲಿ ಬಂದ ಪ್ರಶ್ನೆಪತ್ರಿಕೆ

ಆ ಸೋಮವಾರ ಕಂಡದ್ದನ್ನು, ಕಂಡ ಕ್ರಮದಲ್ಲೇ ಬರೆಯಲು ನೋಡುತ್ತೇನೆ.

ಹುನಗುಂದದ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಅಧ್ಯಾಪಕ. ತರಗತಿಗೆ ಇನ್ನೂ ಹೊತ್ತಿತ್ತು. ಗ್ರಂಥಾಲಯದಲ್ಲಿ ನಿಂತು ಪೇಪರ್ ಓದುತ್ತಿದ್ದೆ. ಒಂದು ವಾರದಿಂದ ಕೆಟ್ಟು ಕೂತಿದ್ದ ಅಲ್ಲಿನ ಪ್ರಿಂಟರನ್ನು ರಿಪೇರಿ ಮಾಡಲು ಬಾಗಲಕೋಟೆಯಿಂದ ಮೆಕ್ಯಾನಿಕ್ ಬಂದಿದ್ದರು. ಅವರು ಮುಚ್ಚಳ ಹಾಕಿ ಸ್ವಿಚ್ ಒತ್ತಿದರು. ಯಂತ್ರ ಎರಡು ಸಲ ಗೊರಗುಟ್ಟಿತು. ಆಮೇಲೆ ಯಾರೂ ಏನೂ ಕೇಳದೆಯೇ ಹಾಳೆಗಳನ್ನು ಹೊರಗೆ ಹಾಕಿತು. ಒಂದು, ಎರಡು, ಮೂರು.

ಪಕ್ಕದಲ್ಲಿದ್ದ ಕೊನೆಯ ವರ್ಷದ ಹುಡುಗರು ನನಗಿಂತ ಮೊದಲು ನೋಡಿದರು.

"ಲೇ, ಇದು ಮಧ್ಯಾಹ್ನದ ಟೆಸ್ಟಿನ ಪೇಪರ್ ಐತಲ್ಲಲೇ!"

"ಒದರಬ್ಯಾಡ, ಮೊದಲ ಫೋಟೋ ಹೊಡಿ."

ಹಾಳೆಗಳನ್ನು ನಾನು ಕಸಿದುಕೊಂಡೆ. ಅವು ಇನ್ನೂ ಬೆಚ್ಚಗಿದ್ದವು. ನಾನೇ ತಯಾರಿಸಿ, ಕಚೇರಿಯಲ್ಲಿ ಟೈಪ್ ಮಾಡಿಸಿದ ಪ್ರಶ್ನೆಪತ್ರಿಕೆಯ ಮೂರು ಪ್ರತಿಗಳು.

ನಮ್ಮಲ್ಲಿ ಕಂಪ್ಯೂಟರ್ ಏಳು, ಪ್ರಿಂಟರ್ ಮೂರು. ಯಾವ ಮೇಜಿನಿಂದ ಕಳಿಸಿದರೂ ಯಾವ ಪ್ರಿಂಟರಿನಲ್ಲಾದರೂ ತೆಗೆಯಬಹುದು. ನಡುವೆ ಕೂತು ಕೆಲಸ ಹಂಚುವುದು ಕಚೇರಿಯ ಮೂಲೆಯಲ್ಲಿರುವ ಇನ್ನೊಂದು ಕಂಪ್ಯೂಟರ್. ಅದನ್ನು ಪ್ರಿಂಟ್ ಸರ್ವರ್ ಎನ್ನುತ್ತಿದ್ದರು. ಪ್ರಶ್ನೆಪತ್ರಿಕೆಯನ್ನು ಪ್ರಾಚಾರ್ಯರ ಕೋಣೆಯ ಪ್ರಿಂಟರಿನಲ್ಲಿ ಮಾತ್ರ ತೆಗೆಯಬೇಕು ಎಂಬುದು ನಿಯಮ. ಕಳಿಸಿದ ಪ್ರತಿಯೊಂದನ್ನೂ ಸರ್ವರ್ ಹೆಸರು ಸಹಿತ ಬರೆದಿಟ್ಟುಕೊಳ್ಳುತ್ತದೆ ಎಂದು ನನಗೆ ತಿಳಿದದ್ದು ಅಂದೇ.

ಮೆಕ್ಯಾನಿಕ್ ಕಚೇರಿಗೆ ಬಂದು ಆ ಮೂರು ಪ್ರತಿಗಳ ದಾಖಲೆ ತೆರೆದರು. ಸುದ್ದಿ ಕೇಳಿ ಓಡಿ ಬಂದ ಪ್ರಾಚಾರ್ಯರ ಕನ್ನಡಕ ಅವರ ಕೋಣೆಯಲ್ಲೇ ಉಳಿದಿತ್ತು. "ಯಾರ ಹೆಸರೈತಿ, ಓದ್ರಿ" ಎಂದು ನನಗೆ ಹೇಳಿದರು. ಮೂರು ಸಾಲಿನಲ್ಲೂ ನಮ್ಮ ಟೈಪಿಸ್ಟ್ ಹೆಸರಿತ್ತು. ಮೂರು ಸಲವೂ ಗಟ್ಟಿಯಾಗಿ ಓದಿದೆ.

ಟೈಪಿಸ್ಟ್ ಬಾಗಿಲಲ್ಲೇ ನಿಂತಿದ್ದರು. ನನ್ನ ಹಾಗೆ ಇಳಕಲ್ಲಿನಿಂದ ದಿನಾ ಬಸ್ಸಿನಲ್ಲಿ ಬರುವವರು. ಅವರದು ಗುತ್ತಿಗೆಯ ನೌಕರಿ. ಅವರ ತಂಗಿ ಅದೇ ಕೊನೆಯ ವರ್ಷದ ತರಗತಿಯಲ್ಲಿದ್ದಳು.

"ಏನವಾ, ಈಗೇನ ಹೇಳ್ತಿ?" ಎಂದರು ಪ್ರಾಚಾರ್ಯರು. "ತಂಗಿ ಸಲುವಾಗಿ ಏನೆಲ್ಲಾ ಮಾಡಿದ್ಯಲ್ಲ."

"ಸರ್, ತಂಗಿಗೆ ಹೇಳೂದಿದ್ರ ಮನ್ಯಾಗ ಉಣ್ಣಾಕ ಕುಂತಾಗ ಹೇಳ್ತಿದ್ದಿಲ್ಲೇನ್ರಿ? ಕೆಟ್ಟ ಪ್ರಿಂಟರಿಗೆ ಯಾಕ ಕಳಸ್ಲಿ?"

"ಎದುರು ಮಾತಾಡಬ್ಯಾಡ. ನಾಳಿಂದ ಬರೂದ ಬ್ಯಾಡ. ಬಿಡುಗಡಿ ಪತ್ರ ಟೈಪ್ ಮಾಡಿ ತಾ, ಸಹಿ ಮಾಡ್ತೇನಿ."

ಅವರ ಬಿಡುಗಡೆಯ ಪತ್ರವನ್ನೂ ಅವರೇ ಟೈಪ್ ಮಾಡಬೇಕಿತ್ತು; ಕಚೇರಿಯಲ್ಲಿ ಕನ್ನಡ ಟೈಪಿಂಗ್ ಬಲ್ಲವರು ಬೇರೆ ಇರಲಿಲ್ಲ. ಅವರು ತಮ್ಮ ಕುರ್ಚಿಗೆ ಹೋಗಿ ಕೂತರು. ಕೀಲಿಗಳ ಸದ್ದು ನಾವು ನಿಂತಲ್ಲಿಗೂ ಕೇಳುತ್ತಿತ್ತು.

ನನ್ನ ತಲೆ ಆ ಮೂರು ಹಾಳೆಗಳಲ್ಲೇ ಸಿಕ್ಕಿಕೊಂಡಿತ್ತು. ತಂಗಿಗಾದರೆ ಒಂದು ಸಾಕಲ್ಲ, ಮೂರೇಕೆ? ಸ್ವಿಚ್ ಒತ್ತಿದಾಗ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಯಾರೂ ಇರಲಿಲ್ಲ. ಅದನ್ನು ನಾನೇ ನೋಡಿದ್ದೆ. ಮೆಕ್ಯಾನಿಕ್‌ಗೆ ಕೇಳಿದೆ: "ಈಗ ಯಾರೂ ಒತ್ತಲಿಲ್ಲ. ಮತ್ತ ಹಾಳಿ ಹೆಂಗ ಬಂದ್ವು?"

"ಹಿಟ್ಟಿನ ಗಿರಣಿಗೆ ಹೋಗಿಲ್ಲೇನ್ರಿ ಸರ್? ಕರೆಂಟ್ ಹೋತಂದ್ರ ಜ್ವಾಳದ ಡಬ್ಬಿ ತಾವ ಎದ್ದು ಮನಿಗೆ ಹೋಗ್ತಾವೇನು? ಸಾಲಿಗೆ ಕುಂತಿರ್ತಾವ. ಕರೆಂಟ್ ಬಂದ ಮ್ಯಾಲ ಬೀಸೂದ. ಸರ್ವರಿನ್ಯಾಗೂ ಹಂಗರಿ. ಶುಕ್ರವಾರ ಕಳಿಸಿದ್ದು, ಪ್ರಿಂಟರ್ ಚಾಲೂ ಆತಂತ ಈಗ ಬಂತು."

ಶುಕ್ರವಾರ ಎಂಬ ಮಾತು ಕಿವಿಗೆ ಬಿದ್ದದ್ದೇ ಕೈಯಲ್ಲಿದ್ದ ಮೂರು ಹಾಳೆಗಳನ್ನು ಮತ್ತೆ ಎಣಿಸಿದೆ.

ಶುಕ್ರವಾರ ಮಧ್ಯಾಹ್ನ ಅಧ್ಯಾಪಕರ ಕೋಣೆಯ ಕಂಪ್ಯೂಟರಿನಲ್ಲಿ ನಾನು ಆ ಪ್ರಶ್ನೆಪತ್ರಿಕೆ ತೆರೆದಿದ್ದೆ. ಪ್ರಿಂಟರುಗಳ ಪಟ್ಟಿ ಬಂತು. ಮೂರರ ಹೆಸರೂ ಅಕ್ಷರ-ಅಂಕಿಗಳ ಒಂದೇ ಥರದ ಗೊಂಚಲು. ಮೇಲಿನದು ಗ್ರಂಥಾಲಯದ್ದೆಂದು ತಿಳಿಯದೆ ಅದನ್ನೇ ಆರಿಸಿ ಒತ್ತಿದೆ. ಏನೂ ಬರಲಿಲ್ಲ. ಮತ್ತೆ ಒತ್ತಿದೆ. ಮೂರನೆಯ ಸಲ, ಜೋರಾಗಿ ಒತ್ತಿದರೆ ಕೇಳುತ್ತದೇನೋ ಎಂಬಂತೆ ಒತ್ತಿದೆ. ಕೊನೆಗೆ ಟೈಪಿಸ್ಟ್ ಬಳಿ ಹೋಗಿ, "ಇದು ನನ್ನ ಮಾತ ಕೇಳವಲ್ದು" ಎಂದೆ. ಅವರು ನಕ್ಕು, ಪ್ರಾಚಾರ್ಯರ ಕೋಣೆಯ ಪ್ರಿಂಟರಿನಲ್ಲಿ ತೆಗೆದುಕೊಟ್ಟರು. ಹಾಳೆ ಬರಲಿಲ್ಲವೆಂದರೆ ಒತ್ತಿದ್ದೂ ಅಳಿಸಿಹೋಯಿತೆಂದೇ ನಾನು ತಿಳಿದಿದ್ದೆ.

ಹೆಸರಿನ ಸಂಗತಿಯೂ ಆಗ ಬಿಡಿಸಿಕೊಂಡಿತು. ಕಂಪ್ಯೂಟರುಗಳನ್ನು ಜೋಡಿಸಿದ ದಿನ ಒಂದು ಹೆಸರು, ಒಂದು ಪಾಸ್‌ವರ್ಡ್ ಕೇಳಿದ್ದರು. ನಾವೆಲ್ಲ ಟೈಪಿಸ್ಟ್ ಕಡೆ ಬೆರಳು ತೋರಿಸಿದ್ದೆವು. ಅಂದಿನಿಂದ ಏಳೂ ಕಂಪ್ಯೂಟರ್ ತೆರೆಯುತ್ತಿದ್ದುದು ಅವರ ಹೆಸರಿನಲ್ಲೇ. ನಮ್ಮ ರಜೆಯ ಅರ್ಜಿ, ಅಂಕಪಟ್ಟಿ, ಮದುವೆಯ ಕರೆಯೋಲೆ, ಎಲ್ಲವನ್ನೂ ಸರ್ವರ್ ಅವರ ಹೆಸರಿಗೇ ಬರೆದುಕೊಂಡಿತ್ತು.

"ಸರ್, ಕಳಿಸಿದಾಂವ ನಾನ" ಎಂದೆ.

ಪ್ರಾಚಾರ್ಯರು ನಕ್ಕರು. "ನಿಮ್ಮ ಮನಸ್ಸು ದೊಡ್ಡದೈತ್ರಿ ಸರ್ರ. ಒಂದ ಬಸ್ಸಿನವರು, ಪಾಪ ಅನಿಸಿರಬೇಕು. ಆದ್ರ ಮಷೀನ್ ಸುಳ್ಳ ಹೇಳ್ತೈತೇನು?"

ನಾನು ಎಷ್ಟು ಬಿಡಿಸಿ ಹೇಳಿದರೂ ಅವರು ತಲೆಯಾಡಿಸುತ್ತಲೇ ಇದ್ದರು. ಒಳಗೆ ಕೀಲಿಗಳ ಸದ್ದು ನಿಂತಿರಲಿಲ್ಲ. ಕೊನೆಗೆ ಮೆಕ್ಯಾನಿಕ್ ಬಾಯಿ ಹಾಕಿದರು.

"ಮಷೀನ್ ಸುಳ್ಳ ಹೇಳಿಲ್ರಿ. ನೀವ ಅರ್ಧಕ್ಕ ಓದೂದು ಬಿಟ್ಟೀರಿ. ಡಬ್ಬಿ ಮ್ಯಾಲಿನ ಹೆಸರು ಓದಿದ್ರಿ. ಯಾವ ಮನಿಯಿಂದ ಬಂತು ಅಂತ ನೋಡ್ಲೇ ಇಲ್ಲ."

ಸಾಲನ್ನು ಬಲಕ್ಕೆ ಸರಿಸಿದರು. ಕೆಲಸ ಯಾವ ಕಂಪ್ಯೂಟರಿನಿಂದ ಬಂತೆಂಬುದು ಅಲ್ಲಿತ್ತು. ಪ್ರಾಚಾರ್ಯರು ಈಗ ತಾವೇ ಹೋಗಿ ಕನ್ನಡಕ ತಂದು ಓದಿದರು. ಮೂರೂ ಅಧ್ಯಾಪಕರ ಕೋಣೆಯಿಂದ, ನಾನು ಹೇಳಿದ ವೇಳೆಗೇ. ಪರದೆಯಿಂದ ಕಣ್ಣು ತೆಗೆಯದೆಯೇ, "ಹೋಗಿ ಅಕಿಗೆ ಟೈಪ್ ಮಾಡೂದ ಬಿಡು ಅಂತ ಹೇಳ್ರಿ" ಎಂದರು. ತಾವು ಹೋಗಲಿಲ್ಲ.

ನಾನು ಹೋದಾಗ ಪತ್ರ ಕೊನೆಯ ಸಾಲಿಗೆ ಬಂದಿತ್ತು. ತಪ್ಪು ನನ್ನದೆಂದೂ, ಪತ್ರ ಬೇಡವೆಂದೂ ಹೇಳಿದೆ. ಅವರು ಇಡೀ ಪತ್ರವನ್ನು ಅಳಿಸಿದರು.

"ನನ್ನ ಹೆಸರು ಓದೂಮುಂದ ಒಮ್ಮೆರ ತಲಿ ಎತ್ತಿ ನನ್ನ ಕಡೆ ನೋಡ್ತೀರಂತ ತಿಳ್ದಿದ್ದೆ, ಸರ್" ಎಂದರು.



ಟೆಸ್ಟ್ ಮುಂದೆ ಹೋಯಿತು. ನನಗೆ ನೋಟಿಸು ಬಂತು. ಅದನ್ನೂ ಅವರೇ ಟೈಪ್ ಮಾಡಿದ್ದರು, ಒಂದೂ ತಪ್ಪಿರಲಿಲ್ಲ. ಮಧ್ಯಾಹ್ನ ಮೆಕ್ಯಾನಿಕ್ ಹತ್ತಿರ ಕೇಳಿ ತಿಳಿದುಕೊಂಡು, ಟೈಪಿಸ್ಟ್ ಮೇಜಿನಿಂದ ಮೇಜಿಗೆ ಹೋಗಿ ಒಬ್ಬೊಬ್ಬರಿಗೂ ಬೇರೆ ಬೇರೆ ಹೆಸರು ಮಾಡಿಕೊಟ್ಟರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನನ್ನ ಮೇಜಿಗೆ ಕೊನೆಯಲ್ಲಿ ಬಂದರು.

"ಪಾಸ್‌ವರ್ಡ್ ನೀವ ಹಾಕ್ರಿ ಸರ್. ನಾ ನೋಡೂದಿಲ್ಲ."

ಕಿಟಕಿಯ ಕಡೆ ಮುಖ ಮಾಡಿ ನಿಂತರು. ನಾನು ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಒತ್ತಿದೆ. ಎರಡು ಸಲ ತಪ್ಪಿತು. ನಾನು ಮುಗಿಯಿತು ಎನ್ನುವವರೆಗೂ ಅವರು ತಿರುಗಲಿಲ್ಲ.